ಪರವಾ ಹೋದ ಗಾಡಿ

ಈ ಮಾತನ್ನು ಹೇಳಬೇಕು ಎಂದುಕೊಂಡದ್ದು ಈ ವರ್ಷವಲ್ಲ, ಹೋದ ವರ್ಷವೂ ಅಲ್ಲ. ಮದುವೆಯಾಗಲಿ, ಆಮೇಲೆ ಹೇಳೋಣ ಎಂದುಕೊಂಡೆ, ಮದುವೆಯಾಯಿತು. ಮಕ್ಕಳು ದೊಡ್ಡವರಾಗಲಿ ಎಂದೆ. ಅವರು ದೊಡ್ಡವರಾಗಿ ನನಗೇ ಬುದ್ಧಿ ಹೇಳತೊಡಗಿದರು. ನಿವೃತ್ತಿಯಾದ ಮೇಲೆ ಬೇಕಾದಷ್ಟು ಹೊತ್ತಿರುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಹೊತ್ತು ಬೇಕಾದಷ್ಟು ಸಿಕ್ಕಿತು, ಆದರೆ ಹೊತ್ತಿಗೂ ಧೈರ್ಯಕ್ಕೂ ನೆಂಟಸ್ತಿಕೆ ಇಲ್ಲವೆಂಬುದು ಆಗ ತಿಳಿಯಿತು. ಮುಂದೂಡುವುದರಲ್ಲಿ ನನಗಿರುವ ಪ್ರಾವೀಣ್ಯವನ್ನು ನೋಡಿ ಯಾರಾದರೂ ಶಾಲು ಹೊದಿಸಿ ಸನ್ಮಾನ ಮಾಡಬಹುದಿತ್ತು. ಮಾಡಲು ಬಂದಿದ್ದರೆ ಆ ಸಮಾರಂಭವನ್ನೂ ನಾನು ಮುಂದಿನ ತಿಂಗಳಿಗೆ ಹಾಕುತ್ತಿದ್ದೆ. ಈಗ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಪೆನ್ನು ಹಿಡಿಸಿದ್ದು ಪಶ್ಚಾತ್ತಾಪ ಎಂದರೆ ದೊಡ್ಡ ಮಾತಾಗುತ್ತದೆ. ಅದಕ್ಕೆ ಮೊದಲ ಕಾರಣ ಸೊಸೆಯ ಮೊಬೈಲು.

ಹಿಂದವಾಡಿಯ ನಮ್ಮ ಮನೆಯಲ್ಲಿ ಬೆಳಗಿನ ಚಹಾ ಮುಗಿದು ಪತ್ರಿಕೆ ನನ್ನ ಕೈಗೆ ಬರುವ ಹೊತ್ತು. ಸೊಸೆ ಮೊಬೈಲಿನಲ್ಲಿ ಏನನ್ನೋ ಹುಡುಕುತ್ತಿದ್ದವಳು ತಲೆಯೆತ್ತಿದಳು.

"ಮಾವಾರ, ಸಾಂಬ್ರಾದಿಂದ ಮುಂಬೈ ಬರೇ ಒಂದ ತಾಸರಿ. ನೀವ ಪೇಪರ್ ಓದಿ ಮುಗಸೂದ್ರಾಗ ಮುಟ್ಟತೀರಿ."

"ನನಗ ಪೇಪರ್ ಓದಾಕ ಎರಡ ತಾಸ ಬೇಕವಾ."

"ಹಂಗಾರ ಅರ್ಧಾ ಓದ್ರಿ. ಉಳಿದದ್ದು ಬರೂವಾಗ ಓದ್ರಿ."

ನಮ್ಮೂರ ವಿಮಾನ ನಿಲ್ದಾಣ ಸಾಂಬ್ರಾದಲ್ಲಿದೆ. ಅಲ್ಲಿಂದ ಮುಂಬಯಿಯ ನಿಲ್ದಾಣಕ್ಕೆ ಮೊಬೈಲು ಒಂದು ಗೆರೆ ಎಳೆದು ತೋರಿಸುತ್ತಿತ್ತು: ನಾಲ್ಕುನೂರು ಕಿಲೋಮೀಟರಿನ ಆಸುಪಾಸು, ಹಾರಾಟದ ಅವಧಿ ಹೆಚ್ಚುಕಡಿಮೆ ಒಂದು ತಾಸು. ಆ ಗೆರೆ ಎಷ್ಟು ನೇರವಾಗಿತ್ತೆಂದರೆ, ನಡುವೆ ಬರುವ ಘಟ್ಟ, ಹೊಳೆ, ತಾಲೂಕು, ಜಿಲ್ಲೆ, ರಾಜ್ಯ ಯಾರನ್ನೂ ಒಂದು ಮಾತು ಕೇಳದೆ ತನ್ನ ಪಾಡಿಗೆ ತಾನು ಹೋಗಿತ್ತು. ಲೆಕ್ಕ ಸರಿಯೇ ಇರಬೇಕು. ಆದರೆ ನಾನು ಉದ್ಯಮಬಾಗದ ಒಂದು ಕಾರ್ಖಾನೆಯ ಗೇಟಿನಲ್ಲಿ ಟೈಮ್‌ಕೀಪರ್ ಆಗಿ ಆಯುಷ್ಯ ಸವೆಸಿದವನು. ಹೊತ್ತಿನ ವಿಷಯದಲ್ಲಿ ಯಾರ ಮಾತನ್ನೂ ಸುಮ್ಮನೆ ನಂಬುವ ಜಾತಿಯಲ್ಲ. ಹಿಂದವಾಡಿಯಿಂದ ಇಡೀ ಊರನ್ನು ದಾಟಿ ಸಾಂಬ್ರಾ ಮುಟ್ಟುವ ಹೊತ್ತನ್ನು ಅದರಲ್ಲಿ ಹಿಡಿದಿರಲಿಲ್ಲ. ಮದುವೆಗೆ ಬೀಗರು ಬಂದಂತೆ ವಿಮಾನಕ್ಕೂ ಬಹಳ ಮುಂಚೆಯೇ ಹೋಗಿ ಕೂರಬೇಕಂತೆ, ಅದನ್ನೂ ಹಿಡಿದಿರಲಿಲ್ಲ. ಆ ಕಡೆ ಇಳಿದ ಮೇಲೆ ಡೊಂಬಿವಲಿಯವರೆಗೆ ಟ್ಯಾಕ್ಸಿಯಲ್ಲಿ ಕೂತು ಮುಂಬಯಿಯ ಜನಸಂಖ್ಯೆಯ ದರ್ಶನ ಪಡೆಯುವುದಂತೂ ಬೇರೆಯೇ ಅಧ್ಯಾಯ. ಎರಡು ನಿಲ್ದಾಣಗಳ ನಡುವಿನ ಅಂತರವನ್ನು ಮೊಬೈಲು ಹೇಳೀತು, ಆದರೆ ಮನುಷ್ಯರು ನಿಲ್ದಾಣಗಳಲ್ಲಿ ವಾಸಿಸುವುದಿಲ್ಲವಲ್ಲ.

ನಾನು ಡೊಂಬಿವಲಿಗೆ ಹೋಗಬೇಕಾಗಿತ್ತು. ಅಲ್ಲಿ ನನ್ನ ಅಣ್ಣನ ಮಗಳು ನಿರ್ಮಲಾ ಇದ್ದಾಳೆ, ಅವಳ ಹತ್ತಿರ ನನ್ನ ವೈನಿ ಇದ್ದಾಳೆ. ಅಣ್ಣನ ಹೆಂಡತಿಯನ್ನು ನಮ್ಮಲ್ಲಿ ವೈನಿ ಎನ್ನುತ್ತೇವೆ. ಅಣ್ಣ ತೀರಿಹೋದ ಮೇಲೆ ಅವಳು ಮಗಳ ಜೊತೆಗಿದ್ದಾಳೆ. ಮೊದಲೆಲ್ಲ ಮದುವೆ ಮುಂಜಿಗೆಂದು ಬೆಳಗಾವಿಗೆ ಬರುತ್ತಿದ್ದಳು, ಈಗ ಮೊಣಕಾಲು ಬಿಡುವುದಿಲ್ಲ. ನಿರ್ಮಲಾ ಫೋನು ಮಾಡಿದ್ದಳು: "ಕಾಕಾ, ಅವ್ವಗ ಈಗೀಗ ಭಾಳ ನಿಶ್ಶಕ್ತಿ ಆಗೇತ್ರಿ. ದಿನಾ ನಿಮ್ಮನ್ನ ಕೇಳತಾಳ. ಬಂದ ಹೋಗ್ರಿ ಒಮ್ಮೆ. ಆಮ್ಯಾಲೆ ಅಂತ ಅನಬ್ಯಾಡ್ರಿ." ಕಡೆಯ ವಾಕ್ಯವನ್ನು ಅವಳು ಸಹಜವಾಗಿ ಹೇಳಿದ್ದಳು, ನನಗೆ ಮಾತ್ರ ಯಾರೋ ಕಿವಿ ಹಿಡಿದು ಹೇಳಿದಂತಾಯಿತು.

ನಮ್ಮ ಕಡೆ ದೂರವನ್ನು ಹೊತ್ತಿನಿಂದಲೇ ಅಳೆಯುವುದು ಹಳೆಯ ರೂಢಿ. ಮೊಬೈಲು ಅದನ್ನು ಹೊಸದಾಗಿ ಕಂಡುಹಿಡಿದದ್ದೇನಲ್ಲ. ಖಾನಾಪುರ ಎಷ್ಟು ದೂರ ಎಂದರೆ ಒಂದು ತಾಸು. ಜಾಂಬೋಟಿ ಎಂದರೆ ಅದಕ್ಕಿಂತ ತುಸು ಹೆಚ್ಚು. ಯಾರ ತಾಸು, ಬಸ್ಸಿನದೋ ಚಕ್ಕಡಿಯದೋ ಕಾಲಿನದೋ, ಎಂದು ಕೇಳಿದವನನ್ನು ಪರಸ್ಥಳದವನೆಂದು ಗುರುತಿಸಬಹುದಿತ್ತು. ತಾಸಿಗಿಂತಲೂ ಮೋಸದ ಅಳತೆ ಇನ್ನೊಂದಿದೆ, "ಇಲ್ಲೇ ಐತಿ" ಎಂಬುದು. ಇದನ್ನೇ ಮರಾಠಿಯಲ್ಲಿ "ಹೇ ಕಾಯ, ಇಥಂಚ" ಎನ್ನುತ್ತಾರೆ. ನಮ್ಮ ಭಾಗದಲ್ಲಿ ಎರಡು ಭಾಷೆಗಳು ಬೇರೆ ಯಾವುದಕ್ಕೆ ಒಪ್ಪದಿದ್ದರೂ ದಾರಿಹೋಕನಿಗೆ ಸುಳ್ಳು ದೂರ ಹೇಳುವುದರಲ್ಲಿ ಸಂಪೂರ್ಣ ಸೌಹಾರ್ದದಿಂದಿವೆ. ನಮ್ಮ ಮನೆಯ ಕಥೆ ಕೆಟ್ಟದ್ದೂ ಇದೇ "ಇಲ್ಲೇ ಐತಿ"ಯಿಂದ.

ಅಣ್ಣನ ಮದುವೆಯಾದದ್ದು ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿಯಿಂದ ಒಳಗೆ ಕಾಡಿನ ಅಂಚಿಗಿದ್ದ ಒಂದು ಸಣ್ಣ ಹಳ್ಳಿಯಲ್ಲಿ. ಆಗ ನಾವು ಅನಗೋಳದಲ್ಲಿದ್ದೆವು. ಅನಗೋಳ ಆಗ ಇನ್ನೂ ಊರಿನಂತೆಯೇ ಇತ್ತು, ಬೆಳಗಾವಿ ಅದನ್ನು ನುಂಗಿರಲಿಲ್ಲ. ನಮ್ಮದು ಕನ್ನಡದ ಮನೆ, ಅವರದು ಮರಾಠಿಯ ಮನೆ. ನಮ್ಮ ಕಡೆ ಇದನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ. ಬಾಡಿಗೆಯ ಲಾರಿಯಲ್ಲಿ ದಿಬ್ಬಣ ಹೊರಟಿತು. ಹಿಂದಿನ ದಿನ ಅಕಾಲದ ಅಡ್ಡಮಳೆ ಹೊಡೆದಿತ್ತು. ಒಂದು ತಿರುವಿನಲ್ಲಿ ಲಾರಿಯವನು ಇನ್ನು ಮುಂದೆ ಗಾಲಿ ಹೂಳುತ್ತದೆಂದು ಕೈ ಮುಗಿದ. ನಮ್ಮನ್ನು ಎದುರುಗೊಳ್ಳಲು ಬಂದವರು ನಗುನಗುತ್ತ "ಹೇ ಕಾಯ, ಇಥಂಚ" ಎಂದರು. ನಾವು ನಡೆದೆವು, ನಡೆದೇ ನಡೆದೆವು. ಗದ್ದೆಯ ಬದುವಿನ ಮೇಲೆ ಸಾಲುಗಟ್ಟಿ, ರೇಷ್ಮೆ ಸೀರೆಗಳನ್ನು ಎತ್ತಿ ಹಿಡಿದು, ಬ್ಯಾಂಡಿನವನ ಡೋಲನ್ನು ಸರದಿಯಂತೆ ಹೊತ್ತು. ನಡುದಾರಿಯಲ್ಲಿ ಮದುಮಗನ ಹೊಸ ಕೊಲ್ಹಾಪುರಿ ಚಪ್ಪಲಿಯೊಂದನ್ನು ಕೆಸರು ನುಂಗಿತು. ಹೆಣ್ಣಿನ ಕಡೆಯ ಯಾರೋ ಪುಣ್ಯಾತ್ಮರು ಬರಿಗಾಲಿನ ಅಳಿಯನನ್ನು ನೋಡಲಾರದೆ ತಮ್ಮ ಕಾಲಿನದನ್ನೇ ಬಿಚ್ಚಿ ಕೊಟ್ಟರು. ಅದು ಪ್ರೀತಿ. ಆದರೆ ಅಣ್ಣನಿಗೆ ಕಂಡದ್ದು ಅವಮಾನ. "ಅಳಿಯಾಗ ಹಳೀ ಚಪ್ಪಲಿ ಕೊಟ್ಟ ಮಂದಿ" ಎಂದು ಅವನು ಅಕ್ಷತೆಯ ಹೊತ್ತಿಗೇ ಮುಖ ಬಿಗಿದುಕೊಂಡ, ಮತ್ತೆ ಆ ಊರಿನ ದಾರಿ ತುಳಿಯಲಿಲ್ಲ, ಹೆಂಡತಿಯನ್ನೂ ಕಳಿಸಲಿಲ್ಲ. ಈಗ ವಿಮಾನದ ಮಾತು ಬಂದಾಗಲೆಲ್ಲ ನನಗೆ ಅನಿಸುವುದುಂಟು: ಮಾನಕ್ಕಾಗಿ ಕೆಟ್ಟುಹೋದ ದಾರಿಯನ್ನು ವಿಮಾನವಾದರೂ ಹೇಗೆ ದಾಟೀತು?

ವೈನಿ ಬಂದಾಗ ನಾನು ಚಡ್ಡಿ ಹಾಕಿಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದೆ. ಅವ್ವ ಇರಲಿಲ್ಲ, ಅವಳು ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಅಪ್ಪ, ಅಣ್ಣ, ನಾನು, ಮೂವರು ಗಂಡಸರು ಬೇಯಿಸಿಕೊಂಡು ತಿನ್ನುತ್ತಿದ್ದ ಮನೆಯಲ್ಲಿ ಪಲ್ಯಕ್ಕೂ ಸಾರಿಗೂ ವ್ಯತ್ಯಾಸ ನೀರಿನ ಪ್ರಮಾಣದ್ದು ಮಾತ್ರ. ಅಂಥ ಮನೆಗೆ ಬಂದ ಅವಳು ಮೊದಲ ದಿನವೇ ನನ್ನನ್ನು, ಮರಾಠಿ ಪದ್ಧತಿಯಂತೆ, "ಭಾವೂಜಿ" ಎಂದು ಕರೆದಳು. ಗಂಡನ ತಮ್ಮನನ್ನು ಅವರಲ್ಲಿ ಹಾಗೆ ಕರೆಯುತ್ತಾರೆ, ಅವನು ಚೋಟುದ್ದ ಇದ್ದರೂ. "ಭಾವೂಜಿ, ಜೇವಾಯಲಾ ಬಸಾ" ಎಂದು ಊಟಕ್ಕೆ ಕರೆದಾಗ ಈ ದೊಡ್ಡ ಮನುಷ್ಯ ಯಾರು ಬಂದರಪ್ಪ ಎಂದು ನಾನು ಹಿಂದೆ ತಿರುಗಿ ನೋಡಿದ್ದೆ. ಅದುವರೆಗೆ ಮನೆಯಲ್ಲಿ ನನಗಿದ್ದ ಹೆಸರು "ಏ ಕತ್ತಿ", ಅಂದರೆ ಕತ್ತೆ. ನನಗೆ ಬಹುವಚನ ಕೊಟ್ಟ ಮೊದಲ ವ್ಯಕ್ತಿ ಅವಳು. ಪ್ರತಿಯಾಗಿ ನಾನು ಅವಳನ್ನು ಇಂದಿನವರೆಗೂ ಏಕವಚನದಲ್ಲೇ ಇಟ್ಟಿದ್ದೇನೆ. ಮೇಲೆ ಬರೆದ ಸಾಲುಗಳೇ ಸಾಕ್ಷಿ.

ಅವಳು ನನ್ನಿಂದ ಕನ್ನಡ ಕಲಿತಳು, ನಾನು ಅವಳಿಂದ ಮರಾಠಿ. ಬೀದಿಯ ಮರಾಠಿ ನನಗೆ ಮೊದಲೇ ಬರುತ್ತಿತ್ತು, ಅವಳದು ಕಾಡಿನಂಚಿನ ಮರಾಠಿ, ಇನ್ನೂ ಮಿದುವಾದದ್ದು. ಒಂದು ಸಲ ಅವಳು "ಪರವಾ" ಎಂದಾಗ ನಾನು ಗೊಂದಲಗೊಂಡೆ. ಮರಾಠಿಯಲ್ಲಿ ಈ ಒಂದೇ ಮಾತಿಗೆ ಎರಡು ದಿನಗಳು: ಮೊನ್ನೆಯೂ ಪರವಾ, ನಾಡಿದ್ದೂ ಪರವಾ. ಹೋದದ್ದೋ ಬರುವುದೋ ಎಂಬುದನ್ನು ವಾಕ್ಯದ ಬಾಲ ನೋಡಿ ತಿಳಿಯಬೇಕು. "ಹೋದ್ರ ಮೊನ್ನಿ, ಹೋಗಾಂವ ಇದ್ರ ನಾಡದು. ಇಷ್ಟ ಸರಳ ಐತಿ, ಮ್ಯಾಟ್ರಿಕ್ ಹೆಂಗ ಪಾಸಾಗತೀರಿ ನೀವು?" ಎಂದು ಅವಳು ರೊಟ್ಟಿ ಬಡಿಯುತ್ತ ನಕ್ಕಿದ್ದಳು. ಆ ಮಾತು ನನಗೆ ಅಂದೇ ಚೆನ್ನಾಗಿ ತಿಳಿದಿತ್ತು. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ.

ಮ್ಯಾಟ್ರಿಕ್ ಪಾಸಾದೆ. ಆ ವರ್ಷ ವೈನಿ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ವಾಡಿಕೆ, ಆದರೆ ಅಣ್ಣನ ಚಪ್ಪಲಿ ಇನ್ನೂ ಕೆಸರಿನಲ್ಲೇ ಇತ್ತು. ಅವಳ ಅಪ್ಪ, ಆಬಾ ಎನ್ನುತ್ತಿದ್ದರು ಎಲ್ಲರೂ, ತಾನಾಗಿ ಬರುವಂತಿರಲಿಲ್ಲ. ಮಗಳಿಗೆ ಮಗುವಾಗುವ ತನಕ ಬೀಗರ ಮನೆಯ ನೀರು ಮುಟ್ಟಬಾರದೆಂದು ನಂಬಿದ್ದ ಹಳೆಯ ಕಾಲದ ಮನುಷ್ಯ, ಮೇಲಾಗಿ ಕರೆಯದ ಮನೆಗೆ ಕಾಲಿಡದವನು. ಒಂದು ದಿನ ಅವರ ಊರಿನ ಮಾರುತಿ ಎಂಬಾತ ಬಂದ. ಅವನು ವಾರಕ್ಕೊಮ್ಮೆ ಬಿದಿರಿನ ಬುಟ್ಟಿ ಹೊತ್ತು ಬೆಳಗಾವಿಯ ಸಂತೆಗೆ ಬರುತ್ತಿದ್ದ. ವೈನಿ ಬಾವಿಗೆ ಹೋಗಿದ್ದಳು, ಮನೆಯಲ್ಲಿ ನಾನೊಬ್ಬನೇ. ಬುಟ್ಟಿಗಳ ಹೊರೆಯನ್ನು ಇಳಿಸದೆ, ಬಾಗಿಲಲ್ಲೇ ನಿಂತು ಅವನು ಹೇಳಿದ:

"ಆಬಾ ಪರವಾ ಮುಂಬಯ್‌ಲಾ ಚಾಲ್ಲೇತ. ಸಕಾಳಚ್ಯಾ ಗಾಡೀನಂ. ಬೆಳಗಾವ ಸ್ಟೇಶನಾವರ ಪೋರೀಲಾ ದಾಖವಾ, ಏವಢಂಚ."

ಆಬಾ ನಾಡಿದ್ದು ಮುಂಬಯಿಗೆ ಹೊರಟಿದ್ದಾರೆ, ಬೆಳಗಿನ ಗಾಡಿಗೆ. ಬೆಳಗಾವಿ ಸ್ಟೇಶನ್ನಿನಲ್ಲಿ ಮಗಳನ್ನು ತೋರಿಸಿ, ಇಷ್ಟೇ. ಅವರ ಮಗ ಅಲ್ಲಿ ಗಿರಣಿಯಲ್ಲಿದ್ದ, ವಯಸ್ಸಾದ ತಂದೆಯನ್ನು ತನ್ನ ಹತ್ತಿರ ಕರೆಸಿಕೊಂಡಿದ್ದ. ಆಬಾ ಖಾನಾಪುರದಲ್ಲಿ ಗಾಡಿ ಹತ್ತುತ್ತಾರೆ. ಗಾಡಿ ಬೆಳಗಾವಿಯಲ್ಲಿ ನಿಲ್ಲುವ ಅಷ್ಟು ಹೊತ್ತಿನಲ್ಲಿ ಮಗಳ ಮುಖ ನೋಡುತ್ತಾರೆ. ಸ್ಟೇಶನ್ ಯಾರ ಮನೆಯೂ ಅಲ್ಲ, ಅಲ್ಲಿ ಯಾರ ಮಾನವೂ ಹೋಗುವುದಿಲ್ಲ. ಆ ಹಳ್ಳಿಯ ಮುದುಕ ಎಷ್ಟು ಯೋಚನೆ ಮಾಡಿ ಈ ಜಾಗ ಹುಡುಕಿರಬೇಕು ಎಂದು ನನಗೆ ಈಗ ಅರ್ಥವಾಗುತ್ತದೆ.

ಆಗ ಅರ್ಥವಾದದ್ದು ಬೇರೆ. ಬಸುರಿ ಮಗಳನ್ನು ಕಂಡ ಆಬಾ ಸುಮ್ಮನೆ ಹೋದಾರೆಯೇ? ನಡೆ ಮಗಳೇ, ಮುಂಬಯಿಯಲ್ಲಿ ನಿನ್ನ ಅಣ್ಣನ ಮನೆಯಲ್ಲೇ ಬಾಣಂತನ ಆಗಲಿ ಎಂದು ಗಾಡಿ ಹತ್ತಿಸಿಕೊಂಡರೆ? ಅವಳು ಹೋದರೆ ತಿಂಗಳುಗಟ್ಟಲೆ ಹೋದಳು. ಮತ್ತೆ ಆ ಮೂವರು ಗಂಡಸರ ಮನೆ, ಆ ನೀರು ಸಾರು, ಆ "ಏ ಕತ್ತಿ". ನನ್ನನ್ನು ಭಾವೂಜಿ ಎಂದು ಕರೆಯಲು ಊರಲ್ಲಿ ಇನ್ನೊಬ್ಬರಿರಲಿಲ್ಲ. ಅಷ್ಟೇ ಕಾರಣ. ದ್ವೇಷದಿಂದ ಮಾಡಿದ ತಪ್ಪಾಗಿದ್ದರೆ ಎಂದೋ ಒಪ್ಪಿಕೊಳ್ಳುತ್ತಿದ್ದೆನೇನೋ. ಪ್ರೀತಿಯಿಂದ ಮಾಡಿದ ತಪ್ಪಿಗೆ ನಾಚಿಕೆ ಹೆಚ್ಚು. ಕೊಡ ಹೊತ್ತು ಬಂದ ವೈನಿ "ಯಾರ ಬಂದಿದ್ರರಿ ಭಾವೂಜಿ?" ಎಂದು ಕೇಳಿದಳು. "ಬುಟ್ಟಿ ಮಾರಾಂವ" ಎಂದೆ. ನೋಡಿ, ಅದು ಸುಳ್ಳೂ ಅಲ್ಲ.

ನಮ್ಮ ಹಿತ್ತಿಲಿನಾಚೆ ಗದ್ದೆ, ಗದ್ದೆಯಾಚೆ ರೈಲು ಹಳಿ. ಖಾನಾಪುರದ ಕಡೆಯಿಂದ ಬೆಳಗಿನ ಗಾಡಿ ಬಂದಾಗಲೆಲ್ಲ ವೈನಿ ಕೈಯಲ್ಲಿದ್ದ ಕೆಲಸ ಬಿಟ್ಟು ಹಿತ್ತಿಲ ಬಾಗಿಲಿಗೆ ಬರುತ್ತಿದ್ದಳು. "ನಮ್ಮ ಊರ ಗಾಳಿ ಹೊತಗೊಂಡ ಬಂದೈತಿ ನೋಡ್ರಿ" ಎನ್ನುತ್ತಿದ್ದಳು; ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಹಿಟ್ಟು ಮೆತ್ತಿದ ಕೈಯನ್ನು ಗಾಡಿಯತ್ತ ಬೀಸುತ್ತಿದ್ದಳು. ನಾನು ನೋಡುವುದನ್ನು ಮಾತ್ರ ಅವಳು ನೋಡುವುದೆಂದು ಎಣಿಸುತ್ತಿರಲಿಲ್ಲ. ನಾಡಿದ್ದು ಬಂತು. ರೈಲು ಗೇಟಿನ ಹತ್ತಿರ ಗಾಡಿ ಸಿಳ್ಳು ಹಾಕಿತು. ಅವಳು ಎಂದಿನಂತೆ ಬಂದಳು. ಎಂದಿನಂತೆ ಕೈ ಬೀಸಿದಳು. ಹೊಗೆ ಬಿಡುತ್ತ, ಕಿಟಕಿಗಳಲ್ಲಿ ತಲೆಗಳನ್ನು ತುಂಬಿಕೊಂಡು, ಗಾಡಿ ನಮ್ಮೆದುರಿಗೇ ಹಾದುಹೋಯಿತು. ಆ ತಲೆಗಳಲ್ಲಿ ಯಾವುದು ಆಬಾನದೆಂದು ನಾನು ಹುಡುಕಿದೆ. ದೂರಕ್ಕೆ ಗುರುತು ಸಿಗಲಿಲ್ಲ. ಅಲ್ಲಿಂದ ಸ್ಟೇಶನ್ನು ಎಷ್ಟು ದೂರ? ಈ ಒಂದು ಸಲವಾದರೂ ನಿಜವಾಗಿಯೇ ಹೇಳಬಹುದಿತ್ತು: ಇಲ್ಲೇ ಐತಿ. ಆಗಲಾದರೂ ಓಡಬಹುದಿತ್ತು. ಸೈಕಲ್ ಇತ್ತು. ನಾನು ಹೊಟ್ಟೆ ನೋವೆಂದು ಹೇಳಿ ಗೋಡೆಗೆ ಮುಖ ಮಾಡಿ ಮಲಗಿದೆ.

ಮುಂದಿನ ವಾರ ಮಾರುತಿ ಮತ್ತೆ ಬಂದ. ಈ ಸಲ ವೈನಿ, ಅಪ್ಪ, ಅಣ್ಣ ಎಲ್ಲರೂ ಮನೆಯಲ್ಲಿದ್ದರು. ಆಬಾ ಬೆಳಗಾವಿ ಸ್ಟೇಶನ್ನಿನಲ್ಲಿ ಗಾಡಿಯಿಂದ ಇಳಿದು, ಗಾರ್ಡು ಹಸಿರು ನಿಶಾನೆ ತೋರಿಸುವವರೆಗೂ ಪ್ಲಾಟ್‌ಫಾರ್ಮಿನ ಬಾಗಿಲನ್ನೇ ನೋಡುತ್ತ ನಿಂತಿದ್ದರಂತೆ. ಜೊತೆಗೆ ಹೋದವರು ತಿರುಗಿ ಬಂದು ಹೇಳಿದ್ದರು. ಸುದ್ದಿಯನ್ನು ಈ ಹುಡುಗನಿಗೇ ಹೇಳಿದ್ದೆ ಎಂದು ಮಾರುತಿ ಮಾತು ಮುಗಿಸುವ ಹೊತ್ತಿಗೆ ಎಲ್ಲರ ಮುಖ ನನ್ನ ಕಡೆ ತಿರುಗಿತು. ನನ್ನ ಬಾಯಿಗೆ, ಯಾವ ಪರೀಕ್ಷೆಯಲ್ಲೂ ಬಾರದ ಚುರುಕು ಆಗ ಬಂತು.

"ಅಂವ ಪರವಾ ಅಂದಾ. ನಾ ಮೊನ್ನಿ ಅಂತ ತಿಳಕೊಂಡೆ. ಮೊನ್ನಿ ಹೋದ ಗಾಡಿಗೆ ಇವತ್ತ ಎಲ್ಲಿ ಓಡ್ಲಿ?"

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಮ್ಯಾಟ್ರಿಕ್ ಪಾಸ್ ಅಂತ, ಮ್ಯಾಟ್ರಿಕ್ ಪಾಸ್! ಪರವಾ ಗೊತ್ತಿಲ್ಲ ಕತ್ತಿಗೆ!" ಅಪ್ಪನೂ ನಕ್ಕ. ನಗು ಅಂಟುರೋಗ, ವೈನಿಯೂ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ನನಗೆ ಪರವಾ ಕಲಿಸಿದವಳೇ ಅವಳು. ಆ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಆಬಾ ಮುಂಬಯಿಯ ಚಾಳಿನಲ್ಲಿ ಒಂದು ವರ್ಷವನ್ನೂ ಪೂರೈಸಲಿಲ್ಲ. ತಂದೆ ಮಗಳು ಮತ್ತೆ ಭೇಟಿಯಾಗಲಿಲ್ಲ. ದೂರಕ್ಕೂ ದೂರಿಗೂ ನಡುವೆ ಕನ್ನಡದಲ್ಲಿ ಒಂದೇ ಒಂದು ಕೊಂಬಿನ ಅಂತರ. ಎಷ್ಟೋ ಜನ ಅದನ್ನು ದಿನಕ್ಕೆ ಹತ್ತು ಸಲ ದಾಟುತ್ತಾರೆ. ಅವಳು ದಾಟಲಿಲ್ಲ.

ನನ್ನ ಸುಳ್ಳು ಮಾತ್ರ ಮನೆಯ ಆಸ್ತಿಯಾಗಿ ಬೆಳೆಯಿತು. ಯಾರಾದರೂ ಬಸ್ಸು ತಪ್ಪಿಸಿಕೊಂಡರೆ "ಪರವಾ ಆತು" ಎನ್ನುವುದು ನಮ್ಮ ಮನೆತನದ ಮಾತಾಯಿತು. ಮದುವೆ ಮನೆಗಳಲ್ಲಿ ಊಟವಾದ ಮೇಲೆ "ಕಾಕಾ, ಪರವಾ ಕಥಿ" ಎಂದು ಬೇಡಿಕೆ ಬರತೊಡಗಿತು. ನಾನು ಅಭಿನಯ ಸೇರಿಸಿದೆ; ಮಾರುತಿಯ ಬುಟ್ಟಿ, ಅಣ್ಣನ ನಗು, ನನ್ನ ಪೆದ್ದು ಮುಖ. ಪೆದ್ದನೆನಿಸಿಕೊಳ್ಳುವುದು ಎಷ್ಟು ಸುಖದ ಅಡಗುತಾಣವೆಂದು ಅನುಭವವಿಲ್ಲದವರಿಗೆ ತಿಳಿಯದು. ಗೇಟಿನಲ್ಲಿ ಕೂತು ತಡವಾಗಿ ಬಂದ ಕಾರ್ಮಿಕರಿಗೆ "ಖರೇ ಕಾರಣ ಹೇಳಪಾ, ಕಥಿ ಹೇಳಬ್ಯಾಡ" ಎಂದು ಗದರಿಸುತ್ತಿದ್ದವನು ಮನೆಗೆ ಬಂದು ಕಥೆ ಹೇಳುತ್ತಿದ್ದ.

ಇರಲಿ, ವಿಮಾನಕ್ಕೆ ಬರೋಣ. ಮಗ ಸಾಂಬ್ರಾದವರೆಗೆ ಬಂದು ಬಿಟ್ಟುಹೋದ. ಜೀವನದ ಮೊದಲ ಹಾರಾಟ. ಕಿಟಕಿಯ ಪಕ್ಕದ ಸೀಟು. ಏನೇ ಆಗಲಿ, ಈ ಸಲ ವೈನಿಯ ಎದುರು ನಿಜ ಹೇಳಿಯೇ ಬರುವುದೆಂದು ನಿಶ್ಚಯಿಸಿದ್ದೆ. ಹಾರುತ್ತ ಹಾರುತ್ತ ವಾಕ್ಯಗಳನ್ನು ಹೊಂದಿಸಿಕೊಳ್ಳೋಣ ಎಂದುಕೊಂಡೆ. ಕನ್ನಡದಲ್ಲಿ ಹೇಳಲೇ, ಮರಾಠಿಯಲ್ಲೇ? ಮೊದಲು ಆಬಾನ ಮಾತು ತೆಗೆಯಲೇ, ನನ್ನ ಮಾತೇ? ಮೊದಲ ವಾಕ್ಯ ಒಂದು ರೂಪಕ್ಕೆ ಬರುವಷ್ಟರಲ್ಲಿ ಇಳಿಯುತ್ತಿದ್ದೇವೆ, ಪಟ್ಟಿ ಕಟ್ಟಿಕೊಳ್ಳಿ ಎಂದರು. ಒಂದು ತಾಸಿನ ಹಾರಾಟದಲ್ಲಿ ಒಂದು ಪಶ್ಚಾತ್ತಾಪ ಹಿಡಿಸುವುದಿಲ್ಲ. ಅದಕ್ಕೆ ಹಳೆಯ ಮೀಟರ್‌ಗೇಜ್ ಗಾಡಿಯೇ ಬೇಕು; ಸ್ಟೇಶನ್ನು ಸ್ಟೇಶನ್ನಿಗೂ ನಿಂತು, ನೀರು ಕುಡಿದು, ದಣಿವಾರಿಸಿಕೊಂಡು ಹೋಗುವಂಥದು.

ಡೊಂಬಿವಲಿಯ ಮನೆಯಲ್ಲಿ ನಿರ್ಮಲಾಳ ಬೀಗರು ಬಂದು ಕೂತಿದ್ದರು. ವೈನಿ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು, ಹಿಂದಿಗಿಂತ ಅರ್ಧವಾಗಿದ್ದಳು. "ಬರ್ರಿ ಭಾವೂಜಿ, ಕುಂದರ್ರಿ. ವಿಮಾನದಾಗ ಬಂದ್ರೆಂತ! ಪಂಖಾ ಹಚ್ಚವಾ ನಿರ್ಮಲಾ, ಮ್ಯಾಲಿಂದ ಬಂದಾರ" ಎಂದಳು. ಎಲ್ಲರೂ ನಕ್ಕರು. ಊಟವಾಯಿತು. ಕೈ ತೊಳೆದುಕೊಂಡು ಕೂರುವಷ್ಟರಲ್ಲಿ ನಿರ್ಮಲಾ ಬೀಗರಿಗೆ ಹೇಳಿಯೇ ಬಿಟ್ಟಳು: "ನಮ್ಮ ಕಾಕಾರ ಪರವಾ ಕಥಿ ನೀವು ಕೇಳಿಲ್ಲಲ್ಲ? ಕಾಕಾ, ಹೇಳ್ರಿ ಹೇಳ್ರಿ."

ನಿಜ ಹೇಳಲು ಇದಕ್ಕಿಂತ ಬೇರೆ ಸಂದರ್ಭ ಬೇಕೇ? ಬಾಯಿ ತೆರೆದೆ. ಓದುಗರೇ, ನಾನು ಕಥೆಯನ್ನೇ ಹೇಳಿದೆ. ಬುಟ್ಟಿ, ನಗು, ಪೆದ್ದು ಮುಖ, ಯಾವುದನ್ನೂ ಬಿಡದೆ. ಎಂದಿಗಿಂತ ಚೆನ್ನಾಗಿಯೇ ಹೇಳಿದೆ. ಬೀಗರು ಚಪ್ಪಾಳೆ ತಟ್ಟಿದರು. ವೈನಿಯೂ ನಕ್ಕಳು, ಸೆರಗಿನಿಂದ ಮುಖ ಒರೆಸಿಕೊಂಡಳು.

ಸಂಜೆ ಮುಂದೆ ಬೀಗರು ಹೋದರು. ನಿರ್ಮಲಾ ಅವರನ್ನು ರಿಕ್ಷಾದವರೆಗೆ ಕಳಿಸಲು ಇಳಿದಳು. ಬಾಲ್ಕನಿಯಲ್ಲಿ ವೈನಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಒಂದು ಎಲೆಯೂ ಕೆಳಗೆ ಬೀಳುತ್ತಿರಲಿಲ್ಲ. ನಾನೂ ಒಂದು ಕಟ್ಟು ತೆಗೆದುಕೊಂಡೆ. ಅವಳು, ಸೊಪ್ಪಿನ ಮೇಲಿನ ಕಣ್ಣು ತೆಗೆಯದೆ, ಹೇಳಿದಳು:

"ಆಬಾ ಮುಂಬೈಗೆ ಹೋದ ದಿನ ನೀವು ಉಣಲಿಲ್ಲ ಭಾವೂಜಿ."

"ಹೂಂ?"

"ಹೊಟ್ಟಿ ನೋವು ಅಂದ್ರಿ. ಅಜಿವಾನದ ನೀರ ಕಾಸಿ ಕೊಟ್ಟೆ, ಅದನ್ನೂ ಕುಡೀಲಿಲ್ಲ. ಮಾರುತಿ ಬಂದು ಗಾಡಿ ಯಾವತ್ತ ಹೋತು ಅಂತ ಹೇಳಿದಾಗ ನಾ ದಿನಗಳನ್ನ ಎಣಿಸಿದೆ. ಗಾಡಿ ಮೊನ್ನೆ ಹೋಗೇತಿ ಅಂತ ತಿಳಕೊಂಡಾಂವಗ, ಗಾಡಿ ಹೋದ ದಿನಾನ ಯಾಕ ಹೊಟ್ಟಿ ನೋಯತೈತಿ ಅಂತ ಅನಿಸ್ತು."

ಅಂದರೆ ಅವಳಿಗೆ ತಿಳಿದಿತ್ತು. ಮಾರುತಿ ಬಂದ ಆ ದಿನದಿಂದಲೇ ತಿಳಿದಿತ್ತು. ಎಲ್ಲ ಮದುವೆ ಮನೆಗಳಲ್ಲಿ, ಎಲ್ಲ ಊಟಗಳ ನಂತರ, ನನ್ನ ಅಭಿನಯವನ್ನು ಅವಳು ತಿಳಿದೇ ನೋಡುತ್ತಿದ್ದಳು, ನಗಬೇಕಾದ ಜಾಗದಲ್ಲಿ ನಕ್ಕು ನನ್ನ ಮಾನ ಉಳಿಸುತ್ತಿದ್ದಳು. ಕೇಳಬೇಕಾದದ್ದನ್ನು ಕೇಳಲು ಅವಳೇ ಬಾಗಿಲು ತೆರೆದು ನಿಂತಿದ್ದಳು. ನಾನು ಇನ್ನೊಂದು ಕಟ್ಟಿಗೆ ಕೈ ಹಾಕಿ ಹೇಳಿದೆ:

"ಇಲ್ಲಿ ಮೆಂತ್ಯ ಚಲೋ ಸಿಗತೈತಲ್ಲ ವೈನಿ."

ಅವಳು ನನ್ನ ಮುಖ ನೋಡಿದಳು. ಸೊಂಟ ಬಾಗಿದ ಈ ಮುದುಕನಲ್ಲಿ ಅವಳಿಗೆ ಚಡ್ಡಿ ಹಾಕಿಕೊಂಡ ಹುಡುಗ ಕಂಡಿರಬೇಕು. ಮೆಲ್ಲಗೆ ನಕ್ಕು, "ಇರ್ಲಿ ಬಿಡ್ರಿ. ಪರವಾ ಇಲ್ಲ" ಎಂದಳು.

ಚಿಂತೆಯಿಲ್ಲ, ನಡೆಯುತ್ತದೆ ಎಂದು ಹೇಳಲು ನಾವು ದಿನವೂ ಬಳಸುವ ಮಾತು. ನಾನೇ ಅವಳಿಗೆ ಕಲಿಸಿದ ಕನ್ನಡ. ಆಮೇಲೆ ಅವಳು ಆಬಾನ ಮಾತು ಆಡಿದಳು. ನಮ್ಮಲ್ಲಿ ಮದುವೆಯ ದಿನ ಹುಡುಗಿಯ ಹೆಸರು ಬದಲಿಸುವ ಪದ್ಧತಿಯುಂಟು. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅಣ್ಣ ಉಂಗುರದಿಂದ ಶಾಂತಾ ಎಂದು ಬರೆದಿದ್ದ. ಅಂದಿನಿಂದ ಅವಳು ಶಾಂತಾ, ರೇಶನ್ ಕಾರ್ಡಿನಿಂದ ಆಧಾರ ಕಾರ್ಡಿನವರೆಗೆ. "ಆಬಾನ ನಾಲಿಗಿಗೆ ಶಾಂತಾ ಹೊಳ್ಳತಿರಲಿಲ್ಲ. ಸ್ಟೇಶನದಾಗ ನನ್ನ ನೋಡಿದ್ರ ಹಳೀ ಹೆಸರ ಹಿಡದ ಒದರಿರತಿದ್ರು, ಇಡೀ ಗಾಡಿ ಕೇಳೂಹಂಗ. ನಿಮ್ಮಣ್ಣಾರಿಗೆ ಎಷ್ಟ ಸಿಟ್ಟ ಬರತಿತ್ತೋ!" ಎಂದು ಹೇಳಿ, ಆ ಹೆಸರನ್ನು ಒಮ್ಮೆ ತಾನೇ ಮೆಲ್ಲಗೆ ಹೇಳಿಕೊಂಡಳು. ಅವಳು ನಮ್ಮ ಮನೆಗೆ ಬಂದ ಮೇಲೆ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಮರಳಿ ಬರುವಾಗಲೂ ಅದೇ ಒಂದು ತಾಸು. ಬರುವಾಗ ಓದ್ರಿ ಎಂದು ಸೊಸೆ ಹೇಳಿದ್ದ ಉಳಿದರ್ಧ ಪತ್ರಿಕೆ ಮಡಿಚಿದಂತೆಯೇ ಉಳಿಯಿತು. ಕೇಳದೆಯೇ ಸಿಕ್ಕ ಕ್ಷಮೆಯನ್ನು ಏನು ಮಾಡುವುದೆಂದು ನನಗೆ ತಿಳಿಯಲಿಲ್ಲ. ಅವಳು ಬಿಟ್ಟುಕೊಟ್ಟಳು, ಸರಿ. ನಾನು ಇನ್ನೂ ಕೇಳಿಯೇ ಇಲ್ಲ. ಬಾಯಿಂದ ಹೇಳಲು ಹೋದರೆ ಮತ್ತೆ ಮೆಂತ್ಯದ ಸೊಪ್ಪು ಅಡ್ಡ ಬರುತ್ತದೆ. ಆದ್ದರಿಂದ ಬರೆದಿದ್ದೇನೆ. ಇದರಲ್ಲೂ ಒಂದು ಕಳ್ಳದಾರಿ ಇದೆಯೆಂದು ಗೊತ್ತು: ವೈನಿ ಕನ್ನಡ ಆಡುತ್ತಾಳೆ, ಓದಲು ಬಾರದು. ನಿರ್ಮಲಾ ಮಾತ್ರ ಅನಗೋಳದ ಕನ್ನಡ ಸಾಲೆಯಲ್ಲಿ ಕಲಿತವಳು.

ನಿರ್ಮಲಾ, ಇದನ್ನು ನಿನ್ನ ಅವ್ವನ ಎದುರು ಕೂತು ಗಟ್ಟಿಯಾಗಿ ಓದು. ಕಥೆಯೆಂದು ನಗಿಸಬೇಡ, ಎಲ್ಲಿಯೂ ಸಾಲು ಬಿಡಬೇಡ. ನಿನ್ನ ಕಾಕಾನಿಗೆ ಪರವಾ ಎಂದರೇನೆಂದು ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ, ತಪ್ಪಾಯಿತು ಎನ್ನುತ್ತಿದ್ದಾನೆ. ಓದಿ ಮುಗಿದ ಮೇಲೆ ಅವಳು ಯಾರಿಗೆ ಬರೆದದ್ದೆಂದು ಕೇಳಿದರೆ ವೈನಿಗೆ ಎನ್ನಬೇಡ, ಶಾಂತಾಬಾಯಿಗೆ ಎಂದೂ ಎನ್ನಬೇಡ. ಆ ಬೆಳಿಗ್ಗೆ ಸ್ಟೇಶನ್ನಿನಲ್ಲಿ ಅವಳ ಅಪ್ಪ ಯಾರ ದಾರಿ ನೋಡುತ್ತ ನಿಂತಿದ್ದನೋ ಅವಳಿಗೆ ಎಂದು ಹೇಳು. ಹೆಸರು ಹಿಡಿದೇ ಹೇಳು: ಹೌಸಾ.